ಬಾಗಿಲಲ್ಲಿ ಬಾಗಿದವಳು

ಅಕ್ಟೋಬರ್ ೪, ೧೯೫೩. ಕ್ಯೋಟೊ

ಮದುವೆಯಾದಾಗ ನಾನು ಸಹಾಯಕ ನಿರ್ದೇಶಕರ ಹೆಂಡತಿ. ತಿಂಗಳು ತುಂಬುವ ಮೊದಲೇ ನಿರ್ದೇಶಕರ ಹೆಂಡತಿಯಾಗಿಬಿಟ್ಟೆ! ಕೋಬೆಯ ಕಾನ್ವೆಂಟಿನ ಗೆಳತಿಯರಿಗೆಲ್ಲ ಈಗಲೇ ಇಂಗ್ಲಿಷಿನಲ್ಲಿ ಉದ್ದುದ್ದ ಬರೆದು ಹೊಟ್ಟೆ ಉರಿಸೋಣ ಅನ್ನಿಸಿತು. ಆಮೇಲೆ, ಬೇಡ, ಸಿನಿಮಾ ಥಿಯೇಟರಿಗೆ ಬಂದಾಗ ತಾವಾಗಿಯೇ ತಿಳಿದುಕೊಳ್ಳಲಿ ಎಂದುಕೊಂಡೆ. ಆದರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ಅದಕ್ಕೇ ಈ ದಿನಚರಿ.

ಸಂಜೆ ಇವರು ಟ್ರಾಮಿನಿಂದ ಇಳಿದು ಓಡಿಕೊಂಡೇ ಬಂದರು. ಇಷ್ಟು ವರ್ಷ ಬೇರೆಯವರ ಸಿನಿಮಾಗಳಲ್ಲಿ ಕುದುರೆ ಕಾದು, ಕೊಡೆ ಹಿಡಿದು, ನಟರ ಜುಟ್ಟು ಓರೆಯಾಗದಂತೆ ನೋಡಿ ಸವೆದವರು. ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದು, "ಸುಗಾಕೊ, ನನ್ನದೇ ಸಿನಿಮಾ. ಕೊಟ್ಟುಬಿಟ್ರು," ಅಂದರು. ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ.

ಅತ್ತೆ ಮಗ್ಗದಿಂದ ತಲೆ ಎತ್ತಲಿಲ್ಲ. ಈ ನಿಶಿಜಿನ್ ಕೇರಿಯಲ್ಲಿ ಎಲ್ಲರ ಮನೆಯಲ್ಲೂ ಮಗ್ಗವೇ. ಅತ್ತೆ ನೇಯುವ, ಕಿಮೊನೊದ ಮೇಲೆ ಕಟ್ಟುವ ನಡುಪಟ್ಟಿಯಲ್ಲಿ ಈಗ ಬಿಳಿ ಕೊಕ್ಕರೆಗಳು ಅರ್ಧ ಮೈ ಬಂದು ನಿಂತಿವೆ. "ಒಳ್ಳೇದಾಯ್ತು. ಕಾಲು ತೊಳ್ಕೊಂಡು ಬಾ," ಅಂದರು, ಅಷ್ಟೇ.

ಕಥೆ ಇವರದೇ. ಒಬ್ಬ ಒಡೆಯ ತಪ್ಪು ಮಾಡುತ್ತಾನೆ. ಅದನ್ನು ತನ್ನ ತಲೆಗೆ ಕಟ್ಟಿಕೊಂಡು ಸಾಯಲು ಒಬ್ಬ ಬಡ ಕತ್ತಿಯಾಳಿನ ಮಗ ಹೊರಡುತ್ತಾನೆ. ಯಾರೂ ಬೇಡ ಅನ್ನುವುದಿಲ್ಲ. ಎಲ್ಲರೂ ಸಾಲಾಗಿ ನಿಂತು ಹೊಗಳಿ ಕಳಿಸುತ್ತಾರೆ. ಇದು ಮುನ್ನೂರು ವರ್ಷ ಹಿಂದಿನ ಕಥೆಯಲ್ಲ, ಮೊನ್ನೆಯ ಯುದ್ಧದ್ದು ಅಂತ ನನಗೆ ತಟ್ಟನೆ ಹೊಳೆಯಿತು. ಹೇಳಿದ್ದಕ್ಕೆ ಇವರು ನಕ್ಕರು. "ಮೊನ್ನೆಯದನ್ನ ಮೊನ್ನೆಯದು ಅಂತಾನೇ ತೋರಿಸಿದ್ರೆ ಜನ ಎದ್ದು ಹೋಗ್ತಾರೆ. ಒಂದು ಜುಟ್ಟು ಕಟ್ಟಿ, ಸೊಂಟಕ್ಕೆ ಕತ್ತಿ ಸಿಗಿಸಿ ಹಿಂದಕ್ಕೆ ಕಳಿಸಿಬಿಡು. ಕಡಲೆಕಾಯಿ ತಿಂತಾ ಕೂತು ಎಂಥಾ ಸತ್ಯ ಬೇಕಾದ್ರೂ ನೋಡ್ತಾರೆ."

ಇಂಥವರನ್ನು ನಾನು ಮದುವೆಯಾಗಿದ್ದೇನೆ!

ಅಕ್ಟೋಬರ್ ೯

ಬೆಳಿಗ್ಗೆ ಮತ್ತೆ ಬೈಸಿಕೊಂಡೆ. ಹುಟ್ಟಿದಾಗಿನಿಂದ ಫ್ರಾಕು, ಸ್ಕರ್ಟು ಹಾಕಿದವಳು ನಾನು. ಕಿಮೊನೊ ಉಟ್ಟು ಅಡಿಗೆಮನೆಗೆ ಹೋದರೆ ಅತ್ತೆ ನನ್ನ ಎದೆಯ ಕಡೆ ನೋಡಿ, ಬೆಂಕಿ ಮುಟ್ಟಿದವರಂತೆ ಎದ್ದು ಬಂದರು. ಬಲಗಡೆಯ ಅಂಚು ಮೇಲೆ ಬಂದಿತ್ತು.

"ಇದು ಹೆಣಕ್ಕೆ ಉಡಿಸೋ ರೀತಿ ಕಣೆ. ಬದುಕಿರೋರಿಗೆ ಎಡಗಡೇದು ಮೇಲೆ ಬರ್ಬೇಕು. ಹೊಸ ಸೊಸೆ ಬೆಳಿಗ್ಗೆ ಬೆಳಿಗ್ಗೆ ಹೆಣ ಆಗಿ ಮಿಸೊ ಸಾರು ಮಾಡ್ತಿದಾಳೆ."

ನನಗೆ ನಗು ಬಂತು. ಅವರಿಗೆ ಬರಲಿಲ್ಲ.

ಎದುರು ಮನೆಯಲ್ಲಿ ಸೋಯಾ ಗಿಣ್ಣಿನ ಅಂಗಡಿ ಇಟ್ಟಿರುವ ಹಾಮಾ ತೋಫು ಕೊಡಲು ಬಂದವರು ಇದನ್ನೆಲ್ಲ ಕೇಳಿಸಿಕೊಂಡರು. ಯುದ್ಧದ ಕಾಲದಲ್ಲಿ ಈ ಕೇರಿಯ ಮಹಿಳಾ ಸಂಘಕ್ಕೆ ಅವರೇ ಮುಖ್ಯಸ್ಥೆ. ಈಗ ಸಂಘ ಇಲ್ಲ, ಆದರೆ ಗತ್ತು ಹೋಗಿಲ್ಲ. "ಇರಲಿ ಬಿಡಿ ಕಿನು ಅವ್ರೇ, ಕೋಬೆಯ ಹುಡುಗೀರು ಹಾಲು ಕುಡಿದು ಕಂಬದ ಹಾಗೆ ಬೆಳೆದಿರ್ತಾರೆ. ಅಷ್ಟು ಎತ್ತರದಿಂದ ಕೆಳಗಿನ ಅಂಚು ಕಾಣಿಸ್ಬೇಕಲ್ಲ," ಅಂದರು. ಎಷ್ಟು ನಯವಾಗಿ ಹೇಳಿದರೆಂದರೆ, ನಾನು ಥ್ಯಾಂಕ್ಸ್ ಅನ್ನುವವಳಿದ್ದೆ.

ಇನ್ನೊಂದು. ಇವರು ಹೊರಡುವಾಗ ಬಾಯಿತಪ್ಪಿ "ಡಾರ್ಲಿಂಗ್" ಅಂದೆ. ಅತ್ತೆ ಊಟದ ಹೊತ್ತಿಗೆ, "ಅದ್ಯಾರು ಅವರು?" ಅಂತ ಕೇಳಿದರು.

ಅಕ್ಟೋಬರ್ ೧೭

ಭಾನುವಾರದ ಹಾಗೆ ಇತ್ತು ಇವತ್ತು, ಶನಿವಾರವಾದರೂ. ಕಾಮೊ ನದಿಯ ದಂಡೆಯಲ್ಲಿ ಇಬ್ಬರೇ ನಡೆದೆವು. ಸಿನಿಮಾದ ಕೊನೆಯ ದೃಶ್ಯ ಹೇಗೆಂದು ಇವರು ಮಾಡಿ ತೋರಿಸಿದರು, ದಂಡೆಯ ಮೇಲೇ, ಮೀನು ಹಿಡಿಯುವವರ ಮುಂದೆ! ಮಗ ಬಾಗಿಲು ದಾಟುತ್ತಾನೆ. ತಾಯಿ ಅಳುವುದಿಲ್ಲ, ಮಾತಾಡುವುದಿಲ್ಲ. ಆಳವಾಗಿ ಬಾಗುತ್ತಾಳೆ, ಮಗ ಕಣ್ಮರೆಯಾದ ಮೇಲೂ ಬಾಗಿಯೇ ಇರುತ್ತಾಳೆ. ಪರದೆ ಕತ್ತಲಾಗುತ್ತದೆ.

ಇದು ನಿಮಗೆ ಹೇಗೆ ಹೊಳೆಯಿತು ಅಂದೆ. ಹೊಳೆದದ್ದಲ್ಲ, ನಡೆದದ್ದು, ಅಂದರು.

ಅತ್ತೆಯ ಹಿರಿಯ ಮಗ ಮಸಾತೊ. ಅವರ ಫೋಟೊ ಒಳಗಿನ ಕೋಣೆಯ ಪೂಜೆಯ ಗೂಡಿನಲ್ಲಿದೆ. ದಿನಾ ಮೊದಲ ಅನ್ನ ಅವರಿಗೇ. ನಲವತ್ತನಾಲ್ಕರ ವಸಂತದಲ್ಲಿ ನಿಜೊ ಸ್ಟೇಷನ್ನಿನಿಂದ ಸೈನ್ಯಕ್ಕೆ ಹೊರಟರು. ದಕ್ಷಿಣದ ದ್ವೀಪದಿಂದ ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆ ಬಂತು. ಒಳಗೆ ಅಸ್ಥಿಯ ಬದಲು ಒಂದು ಮರದ ಚೂರು. ಇವರಿಗೆ ಆಗ ಶ್ವಾಸಕೋಶದ ಕಾಯಿಲೆ, ಸೈನ್ಯ ತಿರಸ್ಕರಿಸಿತ್ತು. ಅಣ್ಣ ಹೊರಟ ದಿನ ಜ್ವರದಲ್ಲಿ ಮಲಗಿದ್ದರು. ಸ್ಟೇಷನ್ನಿನಲ್ಲಿ ಉಳಿದ ಹೆಂಗಸರೆಲ್ಲ ಬಾವುಟ ಬೀಸುವಾಗ ಅತ್ತೆ ಮಾತ್ರ ಬಾವುಟವನ್ನು ನಡುಪಟ್ಟಿಗೆ ಸಿಗಿಸಿ, ಮಗನಿಗೆ ಆಳವಾಗಿ ಬಾಗಿ, ರೈಲು ಹೋಗುವವರೆಗೂ ತಲೆ ಎತ್ತಲಿಲ್ಲವಂತೆ. ಹಾಮಾ ಬಂದು ಇವರ ಹಾಸಿಗೆಯ ಪಕ್ಕ ಕೂತು ಹೇಳಿದ್ದು. ಸಂಘದ ಸಭೆಯಲ್ಲೂ ಅದನ್ನು ಬರೆದು ಓದಿದರಂತೆ.

"ನಮ್ಮ ಸಮಾಜ ಒಬ್ಬ ತಾಯೀನ ಅಲ್ಲೀವರೆಗೆ ಬಗ್ಗಿಸ್ತು," ಅಂದರು ಇವರು. "ನಾನು ತೋರಿಸ್ಬೇಕಾಗಿರೋದು ಅಷ್ಟೇ."

ನಾನು ಅವರ ತೋಳಿಗೆ ಮುಖ ಒತ್ತಿ ಅತ್ತುಬಿಟ್ಟೆ. ಎಲ್ಲರೂ ನೋಡುತ್ತಿದ್ದರು, ನೋಡಲಿ. ವಾಪಸು ಬರುವಾಗ, ಅತ್ತೆಗೆ ಹೇಳಿದಾಗ ಏನಂದರು ಅಂತ ಕೇಳಿದೆ. ಹೇಳಿಲ್ಲವಂತೆ. ಹೇಳುವುದೂ ಇಲ್ಲವಂತೆ. ಸಿನಿಮಾ ನೋಡಿದಾಗ ತಾವೇ ಅರ್ಥಮಾಡಿಕೊಂಡು ಸಂತೋಷಪಡುತ್ತಾರಂತೆ.

ಇರಬಹುದು. ಅವರ ತಾಯಿ, ಅವರಿಗೆ ಗೊತ್ತು.

ಅಕ್ಟೋಬರ್ ೨೪

ತೋಫು ತರಲು ಹೋದಾಗ ಹಾಮಾ ಅವರನ್ನು ಸುಮ್ಮನೆ ಮಾತಿಗೆಳೆದೆ. ಸ್ಟೇಷನ್ನಿನ ವಿಷಯ ಬಂದದ್ದೇ ತಡ, ಎರಡು ಹೆಂಗಸರು ಬುಟ್ಟಿ ಕೆಳಗಿಟ್ಟು ತಾವೂ ಸೇರಿಕೊಂಡರು. ಕೇರಿಯಲ್ಲಿ ಎಲ್ಲರಿಗೂ ಗೊತ್ತು! ಆಗ "ಯೋಧನ ತಾಯಿ" ಅನ್ನುತ್ತಿದ್ದರಂತೆ. ಸೋತ ಮೇಲೆ ಯಾರೋ "ಕಲ್ಲುಹೃದಯದವಳು" ಅಂದರಂತೆ. ಯಾರು ಅಂತ ಹೇಳಲಿಲ್ಲ, ಆದರೆ ಮೂವರೂ ಬೇರೆ ಬೇರೆ ಕಡೆ ನೋಡಿದರು.

ಇವರೆಲ್ಲ ಸಿನಿಮಾಕ್ಕೆ ಹೋಗುತ್ತಾರೆ. ಮೊದಲ ದಿನವೇ ಹೋಗುತ್ತಾರೆ.

ಅತ್ತೆ ಮಾರುಕಟ್ಟೆಗೆ ನಿಜೊ ಸ್ಟೇಷನ್ನಿನ ದಾರಿ ಬಿಟ್ಟು ಸುತ್ತು ಹಾಕಿ ಹೋಗುವುದು ಯಾಕೆಂದು ಈಗ ಗೊತ್ತಾಯಿತು. ನೆರಳು ಇರುತ್ತದೆ ಎಂದು ನಾನು ಅಂದುಕೊಂಡಿದ್ದೆ.

ನವೆಂಬರ್ ೮

ಚಿತ್ರೀಕರಣ ಮುಗಿಯಿತು! ಕೊನೆಯ ದಿನ ನಾನೂ ಹೋಗಿದ್ದೆ. ಬಾಗಿಲಲ್ಲಿ ಬಾಗುವ ದೃಶ್ಯ. ತಾಯಿಯ ಪಾತ್ರದ ನಟಿ ನನ್ನಷ್ಟೇ ಎತ್ತರ, ಎಂಥ ಗಾಂಭೀರ್ಯ! ಸಂಜೆಯ ಟ್ರೈನಿಗೆ ಟೋಕಿಯೊಗೆ ಹೊರಟುಹೋದರು. ಅವರು ಕಾರು ಹತ್ತುವ ಮೊದಲೇ ಬಡಗಿಗಳು ಸೆಟ್ಟಿನ ಬಾಗಿಲನ್ನು ಕಿತ್ತು ಮುಂದಿನ ಸಿನಿಮಾಕ್ಕೆ ಹೋಟೆಲು ಮಾಡತೊಡಗಿದ್ದರು.

ಇವರು ಮನೆಯಲ್ಲಿ ಗುನುಗುತ್ತಿದ್ದಾರೆ. ನಾನೂ ಗುನುಗುತ್ತೇನೆ, ಆದರೆ ಅತ್ತೆ ಇರುವ ಕೋಣೆಗೆ ಬಂದರೆ ನಿಂತುಹೋಗುತ್ತದೆ.

ನವೆಂಬರ್ ೧೫

ಅಕ್ಷರ ನೆಟ್ಟಗಾಗುತ್ತಿಲ್ಲ.

ಇವತ್ತು ಸ್ಟುಡಿಯೊ ಮುಖ್ಯಸ್ಥರಿಗೆ ಸಿನಿಮಾ ತೋರಿಸುವ ದಿನ. ಹಿಂದಿನ ಕುರ್ಚಿಯಲ್ಲಿ ನನಗೂ ಜಾಗ ಕೊಟ್ಟಿದ್ದರು. ಎಲ್ಲ ಚೆನ್ನಾಗಿಯೇ ಹೋಯಿತು, ಕೊನೆಯ ಶಾಟ್ ಬರುವವರೆಗೆ.

ಆಗಿದ್ದು ಇಷ್ಟು. ಮಗ ಪರದೆಯ ಬಲಗಡೆಗೆ ನಡೆದುಹೋಗುತ್ತಾನೆ. ತಾಯಿಯನ್ನು ಬೇರೆಯಾಗಿ ತೆಗೆಯುವಾಗ ಇವರು ಆತುರದಲ್ಲಿ ಎಡಗಡೆ ನೋಡಿಸಿಬಿಟ್ಟಿದ್ದರು. ಮಗ ಒಂದು ಕಡೆ ಹೋದರೆ ತಾಯಿ ಇನ್ನೊಂದು ಕಡೆಗೆ ಬಾಗುತ್ತಾಳೆ. ನಟಿ ಟೋಕಿಯೊದಲ್ಲಿ, ಬಾಗಿಲು ಹೋಟೆಲಾಗಿದೆ. ಹಾಗಾಗಿ ಆ ಶಾಟನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಮುದ್ರಿಸಿದರೆ ಸರಿಹೋಗುತ್ತದೆ ಎಂದು ಇವರೇ ಹೇಳಿ ಮಾಡಿಸಿದ್ದರು. ಸರಿಯೂ ಹೋಯಿತು. ತಾಯಿ ಮಗನ ಕಡೆಗೇ ಬಾಗಿದಳು. ಆದರೆ ಅವಳ ಕಿಮೊನೊ ಕೂಡ ತಿರುಗಿತ್ತು. ಬಲಗಡೆಯ ಅಂಚು ಮೇಲೆ.

ದಿನಾ ಬೈಸಿಕೊಳ್ಳುವ ನನಗೆ ಬೇರೇನೂ ಕಾಣಿಸಲೇ ಇಲ್ಲ. ದೀಪ ಹತ್ತಿತು. ಮುಖ್ಯಸ್ಥರು ಸಿಗರೇಟು ಆರಿಸಿ, "ತೈಸುಕೆ, ಹೆಣಾನ ಬಾಗಿಲಲ್ಲಿ ನಿಲ್ಲಿಸಿದೀಯಲ್ಲಪ್ಪ," ಅಂದರು. "ಕ್ಯೋಟೊದಲ್ಲಿ ಹುಟ್ಟಿ, ಹಳೇ ಕಾಲದ ಸಿನಿಮಾ ಮಾಡ್ತೀಯ. ಮೊದಲನೇ ಸಾಲಿನ ಅಜ್ಜೀರು ಎದ್ದು ಹೋಗ್ತಾರೆ." ಒಂದೇ ದಿನದ ಚಿತ್ರೀಕರಣಕ್ಕೆ ಒಪ್ಪಿಗೆ, ಅಷ್ಟರಲ್ಲೇ ಬೇರೆ ಶಾಟ್ ತೆಗೆದು ಜೋಡಿಸಬೇಕು, ಇಲ್ಲದಿದ್ದರೆ ಕೊನೆಯ ದೃಶ್ಯವೇ ಇಲ್ಲದೆ ಬಿಡುಗಡೆ. ಇವರು ಮತ್ತೆ ಕೊಡೆ ಹಿಡಿಯಲು ಹೋಗಬೇಕು.

ಟ್ರಾಮಿನಲ್ಲಿ, ಅಂಚು ತಿರುಗಿದ್ದು ನಿಮಗೆ ಯಾಕೆ ತಿಳಿಯಲಿಲ್ಲ ಅಂದೆ, ಮೆಲ್ಲಗೆ. "ಅವಳ ಕಣ್ಣು ಎಲ್ಲಿ ನೋಡ್ತಿದೆ ಅಂತಾನೇ ನೋಡ್ತಿದ್ದೆ," ಅಂದರು.

ನವೆಂಬರ್ ೧೬

ನಂಬಲಾಗುತ್ತಿಲ್ಲ. ನಾನು ಸಿನಿಮಾದಲ್ಲಿ ಇರುತ್ತೇನೆ! ಬೆನ್ನು ಮಾತ್ರ. ಆದರೂ!

ತಾಯಿಯನ್ನು ಹಿಂದಿನಿಂದ ತೋರಿಸಿ, ಅವಳ ಆಚೆ ಮಗ ನಿಂತು ಹೊರಡುವಂತೆ ತೆಗೆಯುತ್ತಾರೆ. ಆಗ ನಟಿ ಬೇಕಿಲ್ಲ, ಬಾಗಿಲೂ ಹಳೆಯ ದೇವಸ್ಥಾನದ್ದಾದರೆ ಸಾಕು. ಆದರೆ ಅಷ್ಟು ಎತ್ತರದ ಹೆಂಗಸು ಸ್ಟುಡಿಯೊದ ಗುಂಪಿನವರಲ್ಲಿ ಯಾರೂ ಇಲ್ಲ. ಇವರು ಊಟ ಮಾಡುತ್ತಿದ್ದವರು ತಟ್ಟನೆ ತಲೆ ಎತ್ತಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಕೋಬೆಯ ಹಾಲೇ, ನಿನಗೆ ನಮಸ್ಕಾರ!

"ಮನೇಲಿ ಅಭ್ಯಾಸ ಮಾಡು," ಅಂದರು. "ಬಾಗೋದು ನಿಂಗೆ ಕಾನ್ವೆಂಟಲ್ಲಿ ಕಲಿಸಿರೋ ಥರ ಆಗಬಾರ್ದು."

ಎಲ್ಲಿ ಅಭ್ಯಾಸ ಮಾಡುವುದು? ಈ ಮನೆಯಲ್ಲಿ ಎಲ್ಲಿ ಬಾಗಿದರೂ ಮಗ್ಗಕ್ಕೆ ಕಾಣುತ್ತದೆ.

ನವೆಂಬರ್ ೧೮

ಹಿತ್ತಲ ಬಾವಿಯ ಹತ್ತಿರ ಬಾಗುತ್ತಿದ್ದೆ. ಅತ್ತೆ ಸಂತೆಗೆ ಹೋಗಿದ್ದಾರೆ ಅಂದುಕೊಂಡಿದ್ದೆ. ಹಿಂದಿನಿಂದ ಒಂದು ಕೈ ಬಂದು ನನ್ನ ನಡುವನ್ನು ಒತ್ತಿತು. "ಇಲ್ಲಿಂದ ಬಗ್ಗು. ಕತ್ತು ಕೊಕ್ಕರೆ ಥರ ಚಾಚ್ಬೇಡ." ಸ್ಟುಡಿಯೊದಲ್ಲಿ ಬೆನ್ನು ಬೇಕಂತೆ ಎಂದಷ್ಟೇ ಹೇಳಿದೆ. ಅವರಿಗೆ ಖುಷಿಯೇ ಆದಂತೆ ಕಂಡಿತು. ಸೊಸೆ ಕೊನೆಗೂ ಸರಿಯಾಗಿ ಬಾಗುವುದನ್ನು ಕಲಿಯುತ್ತಿದ್ದಾಳೆ. ಅಂಚು ಸರಿಮಾಡಿದರು, ತೋಳು ತಿದ್ದಿದರು.

"ಎಷ್ಟು ಹೊತ್ತು ಬಾಗಿರ್ಬೇಕು?"

"ಮಗ ಕಣ್ಮರೆಯಾದ ಮೇಲೂ, ಅತ್ತೆ."

ಆ ಕೈ ನನ್ನ ತೋಳಿನ ಮೇಲೆಯೇ ನಿಂತಿತು. ಮುಖ ನೋಡುವ ಧೈರ್ಯ ಆಗಲಿಲ್ಲ. ಬಾವಿಯ ಕಟ್ಟೆಯ ಮೇಲೆ ಕೂತರು. ಅಷ್ಟು ದಿನದಿಂದ ನಾನು ಹೆದರುತ್ತಿದ್ದದ್ದು ಇದೇ ಗಳಿಗೆಗೆ. ಸಿಟ್ಟಾಗುತ್ತಾರೆ, ಅಳುತ್ತಾರೆ, ಮನೆ ಬಿಟ್ಟು ಹೋಗು ಅನ್ನುತ್ತಾರೆ. ಅದೇನೂ ಆಗಲಿಲ್ಲ.

"ಹಾಮಾ ಹೇಳಿದ್ದನ್ನ ತೈಸುಕೆ ನಂಬಿದಾನೆ," ಅಂದರು. "ಇವನು ಅಲ್ಲಿರಲಿಲ್ಲ."

ಮತ್ತೆ ನನ್ನ ಕಡೆ ತಿರುಗಿ, "ನಾನು ಬಾಗಲಿಲ್ಲ ಕಣೆ. ಕೂರೋಕೆ ಹೊರಟಿದ್ದೆ."

ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಮಸಾತೊ ಎಡಗಾಲಿನ ಪಟ್ಟಿ ಬಿಚ್ಚಿಕೊಳ್ತಿತ್ತು. ಸೈನಿಕರು ಕಾಲಿಗೆ ಸುತ್ತೋ ಪಟ್ಟಿ. ಚಿಕ್ಕಂದಿನಿಂದ ಅವನ ಗಂಟು ಯಾವಾಗ್ಲೂ ಸಡಿಲ. ಕೂತು ಬಿಗಿಯಾಗಿ ಕಟ್ಟೋಣ ಅಂತ ಬಾವುಟಾನ ನಡುವಿಗೆ ಸಿಗಿಸಿ ಬಗ್ಗಿದೆ. ಅಷ್ಟರಲ್ಲಿ ಹಾಮಾ ಕೂಗಿದ್ಲು, ನೋಡ್ರಮ್ಮ, ಯೋಧನ ತಾಯಿ ಅಂದ್ರೆ ಹೀಗಿರ್ಬೇಕು ಅಂತ. ಸಾಲಲ್ಲಿದ್ದೋರೆಲ್ಲ ಬಾಗಿಬಿಟ್ರು. ಅವನೂ ಹಿಂದಕ್ಕೆ ಸರಿದು ಸೆಲ್ಯೂಟ್ ಹೊಡೆದ. ಅಷ್ಟು ಜನ ಬಾಗಿರೋವಾಗ ನಾನು ಕುಕ್ಕರುಗಾಲಲ್ಲಿ ಕೂತು ಅವನ ಕಾಲು ಹಿಡಿಯೋದು ಹೇಗೆ? ಏಳೋದಾದ್ರೂ ಹೇಗೆ? ಅರ್ಧಕ್ಕೇ ನಿಂತೆ. ತಲೆ ಎತ್ತಿದಾಗ ರೈಲಿರಲಿಲ್ಲ."

ನಾನು ಕಟ್ಟೆಯ ಮೇಲೆ ಅವರ ಪಕ್ಕ ಕೂತೆ.

"ಅವನು ಆ ದ್ವೀಪದಲ್ಲಿ ಎಷ್ಟು ನಡೆದನೋ. ನಡೆಯುವಾಗೆಲ್ಲ ಪಟ್ಟಿ ಬಿಚ್ಚಿಕೊಳ್ತಾನೇ ಇತ್ತೋ ಏನೋ. ಜನ ನನ್ನ ಕಲ್ಲು ಅಂದ್ರು, ದೇವರು ಅಂದ್ರು. ನಾನು ಪಟ್ಟಿ ಯೋಚನೆ ಬಿಟ್ಟು ಬೇರೆ ಏನೂ ಮಾಡ್ಲಿಲ್ಲ."

ಎದ್ದು ನಿಂತು ಕಿಮೊನೊ ಝಾಡಿಸಿಕೊಂಡರು. "ತೈಸುಕೆಗೆ ಹೇಳ್ಬೇಡ. ಹೇಳಿದ್ರೆ ಅದನ್ನೂ ಸಿನಿಮಾ ಮಾಡ್ತಾನೆ."

ಹೇಳುವುದಿಲ್ಲ ಅಂದೆ.

ನವೆಂಬರ್ ೧೯

ಇವರು ಯಾಕೆ ಸಪ್ಪಗಿದ್ದೀಯ ಅಂದರು. ಹಲ್ಲುನೋವು ಅಂದೆ.

ನವೆಂಬರ್ ೨೧

ಬೆಟ್ಟದ ಬುಡದ ದೇವಸ್ಥಾನದ ಬಾಗಿಲು. ಎಲೆಗಳು ಉದುರುತ್ತಿದ್ದವು. ನನಗೆ ನರೆಗೂದಲಿನ ಟೋಪನ್ನು ಇಟ್ಟು, ಬೂದುಬಣ್ಣದ ಕಿಮೊನೊ ಉಡಿಸಿದರು. ಉಡಿಸುವವಳು ಅಂಚನ್ನು ಎರಡು ಸಲ ನೋಡಿದಳು, ಕ್ಯಾಮೆರಾದವನು ಒಂದು ಸಲ, ಇವರು ಎಷ್ಟು ಸಲವೋ.

ಮಗನ ಪಾತ್ರದ ಹುಡುಗ ನನ್ನ ಮುಂದೆ ನಿಂತ. ದೂರ ಪ್ರಯಾಣದ ವೇಷ, ಹುಲ್ಲಿನ ಚಪ್ಪಲಿ, ಮೀನಖಂಡಕ್ಕೆ ಸುತ್ತಿದ ನೀಲಿ ಪಟ್ಟಿ. ಹಳೆಯ ಕಾಲದವರೂ ಅದನ್ನೇ ಸುತ್ತುತ್ತಿದ್ದರು. ಅದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಇವರು "ಶುರು" ಅಂದರು. ನಾನು ಬಾಗಿದೆ. ಬಾಗಿದರೆ ಕಾಣುವುದು ಕಾಲು ಮಾತ್ರ. ಪಟ್ಟಿ ಸರಿಯಾಗಿಯೇ ಇತ್ತು, ಬಿಗಿಯಾಗಿ, ಅಚ್ಚುಕಟ್ಟಾಗಿ. ಕಟ್ಟುವುದಕ್ಕೆ ಏನೂ ಇರಲಿಲ್ಲ. ಆದರೂ ನನ್ನ ಮೊಣಕಾಲು ನೆಲ ಮುಟ್ಟಿತು. ಎಡಗಾಲಿನ ಗಂಟು ಬಿಚ್ಚಿದೆ, ಕೆಳಗಿನಿಂದ ಮತ್ತೆ ಸುತ್ತಿದೆ, ಕಟ್ಟಿದೆ. ಹುಡುಗ ಅಲುಗಲಿಲ್ಲ. ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ. ಕಟ್ಟಿ ಮುಗಿದ ಮೇಲೆ ಅವನು ಸ್ವಲ್ಪ ಹೊತ್ತು ನಿಂತಿದ್ದು ನಡೆದುಹೋದ. ನಾನು ಅಲ್ಲೇ ಕೂತಿದ್ದೆ.

ಇವರು ಹತ್ತಿರ ಬಂದಾಗ ಮುಖ ಬಿಳಿಚಿಕೊಂಡಿತ್ತು. ಅದೇನು ಮಾಡಿದೆ ಅಂತ ಕೇಳಿದರು. ಅಂಚು ಕಾಲಿಗೆ ಸಿಕ್ಕಿ ಬಿದ್ದೆ, ಬಿದ್ದ ಮೇಲೆ ಏನಾದರೂ ಮಾಡಬೇಕಲ್ಲ ಅಂದೆ. ಇನ್ನೊಂದು ಸಲ, ಮೊದಲು ಹೇಳಿದ ಹಾಗೆ ಬಾಗು ಅಂದರು. ಬಾಗಿದೆ. ಚೆನ್ನಾಗಿಯೇ ಬಂತು ಎಂದು ಎಲ್ಲರೂ ಹೇಳಿದರು.

ಅತ್ತೆಗೆ ಕೊಟ್ಟ ಮಾತು ಮುರಿದೆನೋ ಇಲ್ಲವೋ. ಬಾಯಿಂದ ಹೇಳಿಲ್ಲ.

ನವೆಂಬರ್ ೨೬

ಎಡಿಟಿಂಗ್ ಕೋಣೆಯಲ್ಲಿ ಇವರ ಜೊತೆ ಜಗಳ. ಮದುವೆಯಾದ ಮೇಲೆ ಇದೇ ಮೊದಲನೆಯದು. ಮುದಿ ಶಿರೋತಾ ಫಿಲ್ಮ್ ಕತ್ತರಿಸುವ ಮೇಜಿನಿಂದ ಎದ್ದು, ಚಹಾ ತರುತ್ತೇನೆ ಅಂತ ಹೊರಟವರು ಜಗಳ ಮುಗಿಯುವವರೆಗೂ ಬರಲಿಲ್ಲ.

ಎರಡೂ ಶಾಟ್ ಹಾಕಿ ತೋರಿಸಿದರು. ಕೂತ ಶಾಟೇ ಇರಲಿ ಅನ್ನುತ್ತಾರೆ ಇವರು. ಬಾಗಿದ್ದೇ ಇರಲಿ ಅಂದೆ. ನನ್ನ ಬೆನ್ನಿನ ಬಗ್ಗೆ ನನಗೇ ಹೊಟ್ಟೆಕಿಚ್ಚೇ ಅಂತ ನಕ್ಕರು. ಮತ್ತೆ ಬಾಗಿದ್ದೇ ಇರಲಿ ಅಂದೆ.

"ಒಂದು ಕಾರಣ ಹೇಳು."

ಹೇಳುವ ಹಾಗಿರಲಿಲ್ಲ. "ಅತ್ತೇನ ಒಂದು ಮಾತು ಕೇಳಿ," ಅಂದೆ.

"ಈಗ ಕೇಳೋದೇನಿದೆ? ಬಾಗೋ ಶಾಟ್ ಇದ್ರೆ ಕೇರಿಯೋರು ಅಮ್ಮನ ಗುರುತು ಹಿಡೀತಾರೆ ಅಂತ ತಾನೇ ನಿನ್ನ ಹೆದರಿಕೆ? ಅಮ್ಮ ಬಾಗಿದ್ಲು, ಇವಳು ಕೂರ್ತಾಳೆ. ಇವಳು ಅಮ್ಮ ಅಲ್ಲವೇ ಅಲ್ಲ. ಈಗ ನಿಂಗೆ ಖುಷಿ ಆಗ್ಬೇಕು."

ನಾನು ಅವರ ಮುಖವನ್ನೇ ನೋಡಿದೆ. ಒಳ್ಳೆಯ ಮುಖ. ಮೇಜಿನ ದೀಪದಲ್ಲಿ ಬಹಳ ದಣಿದು ಕಾಣುತ್ತಿತ್ತು. ಗೋಡೆಯ ಮೇಲೆ ಫಿಲ್ಮ್ ಪಟ್ಟಿಗಳು ಒಗೆದ ಬಟ್ಟೆಯ ಹಾಗೆ ನೇತಾಡುತ್ತಿದ್ದವು, ಒಂದೊಂದರಲ್ಲೂ ನಾನು ಕೂರುತ್ತಿದ್ದೆ.

ನಾನು ಕೂತ ಶಾಟನ್ನು ಮುಖ್ಯಸ್ಥರು ಇನ್ನೊಂದು ಸಲ ಹಾಕಿಸಿ ನೋಡಿದರಂತೆ. ಮೊದಲಿನಿಂದಲೂ ಹೀಗೇ ಯೋಚಿಸಿದ್ದೆಯಾ ಅಂದರಂತೆ. ಇವರು ಹೌದು ಅಂದರಂತೆ. ಮುಂದಿನ ವರ್ಷ ಇನ್ನೊಂದು ಸಿನಿಮಾ ಕೊಡುವ ಮಾತಾಡಿದ್ದಾರೆ. ಸಂಜೆ ಇವರು ಈಲ್ ಮೀನಿನ ಊಟ ಕೊಡಿಸಿದರು. ಚೆನ್ನಾಗಿತ್ತು. ಪೂರ್ತಿ ತಿನ್ನಲಾಗಲಿಲ್ಲ.

ಡಿಸೆಂಬರ್ ೩

ಪೋಸ್ಟರುಗಳು ಬಂದಿವೆ. ಹಾಮಾ ತಮ್ಮ ಅಂಗಡಿಯ ಕಂಬಕ್ಕೆ ತಾವೇ ಒಂದನ್ನು ಅಂಟಿಸಿದ್ದಾರೆ. ಇನ್ನು ಮುಚ್ಚಿಡಲು ಆಗುವುದಿಲ್ಲ. ಥಿಯೇಟರಿನಲ್ಲಿ, ಕೇರಿಯವರ ನಡುವೆ, ಕತ್ತಲಲ್ಲಿ ಅತ್ತೆ ಇದನ್ನು ತಟ್ಟನೆ ನೋಡಬಾರದು.

ಮಗ್ಗದ ಪಕ್ಕ ಕೂತು ಹೇಳಿದೆ. "ಅತ್ತೆ, ನಾನು ಇವರಿಗೆ ಹೇಳಿಲ್ಲ. ಆದರೆ ಕ್ಯಾಮೆರಾ ಮುಂದೆ ಕೂತುಬಿಟ್ಟೆ."

ಲಾಳಿ ನಿಂತಿತು.

"ಕಟ್ಟಿದೆಯಾ?"

"ಕಟ್ಟಿದೆ."

ನಾನು ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ಕೂತೇ ಇದ್ದೆ. ಕೊನೆಗೆ ಅವರು ಕಾಲಿನಿಂದ ಹಲಗೆ ಒತ್ತಿದರು, ಲಾಳಿ ಓಡಿತು.

ಡಿಸೆಂಬರ್ ೬

ಅತ್ತೆ ಬೈಯುತ್ತಿಲ್ಲ. ನಿನ್ನೆ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಕುಡಿದು ಬಟ್ಟಲು ಕೆಳಗಿಟ್ಟರು. ಇವತ್ತು ಬೇಕೆಂದೇ ನಡುಪಟ್ಟಿಯನ್ನು ಓರೆಯಾಗಿ ಕಟ್ಟಿಕೊಂಡು ಅವರ ಮುಂದೆ ಎರಡು ಸಲ ಓಡಾಡಿದೆ. ಏನೂ ಇಲ್ಲ.

ಇವರು ನಾಳಿದ್ದಿಗೆ ಎಲ್ಲರಿಗೂ ಪಾಸು ತಂದಿದ್ದಾರೆ. ಅತ್ತೆ ತಮ್ಮದನ್ನು ವಾಪಸು ಕೊಟ್ಟರು. "ನಾನೇ ದುಡ್ಡು ಕೊಟ್ಟು ನೋಡ್ತೀನಿ." ಇವರಿಗೆ ಹೆಮ್ಮೆಯಾಯಿತು.

ಡಿಸೆಂಬರ್ ೮

ಸೆಂಬೊನ್ ಬೀದಿಯ ಥಿಯೇಟರಿನಲ್ಲಿ ಬೆಳಗಿನ ಆಟಕ್ಕೆ ಅತ್ತೆ ಹಾಮಾ ಅವರ ಜೊತೆ ಹೋದರು. ಮಗ್ಗದ ಮೇಲೆ ಬಟ್ಟೆ ಹೊದಿಸಿ ಹೋದರು. ಕೆಲಸದ ದಿನ ಹಾಗೆ ಮಾಡಿದ್ದನ್ನು ನಾನು ನೋಡಿಲ್ಲ. ಇವರು ಸ್ಟುಡಿಯೊಗೆ ಹೋದರು. ನಾನು ಹೋಗಲಿಲ್ಲ. ಅಕ್ಕಿ ತೊಳೆದೆ. ಮತ್ತೆ ತೊಳೆದೆ.

ಮಧ್ಯಾಹ್ನ ಹಾಮಾ ಒಬ್ಬರೇ ಬಂದರು. ಅವರು ಹೊಸ್ತಿಲಲ್ಲೇ ನಿಂತು ಉಸಿರು ಬಿಡದೆ ದೂರಿದರು. ಸಿನಿಮಾವೇನೋ ಚೆನ್ನಾಗಿದೆಯಂತೆ, ಕತ್ತಿವರಸೆ ಕಡಿಮೆಯಂತೆ, ಕೊನೆಯನ್ನು ಮಾತ್ರ ಹಾಳುಮಾಡಿದ್ದಾರಂತೆ.

"ಬಾಗಿಲಲ್ಲಿ ಆ ತಾಯಿ ಸಂತೆಯಲ್ಲಿ ಮೂಲಂಗಿ ಆರಿಸೋರ ಥರ ಕುಕ್ಕರುಗಾಲಲ್ಲಿ ಕೂತ್ಬಿಡ್ತಾಳೆ ಕಣಮ್ಮ. ಅಷ್ಟು ಜನರ ಮುಂದೆ. ನಮ್ಮ ಕಿನು ಅವರು ಹೇಗೆ ಬಾಗಿದ್ರು, ಅದನ್ನ ನೋಡಿದೋರಿಗೆ ಇದು ಹಿಡಿಸುತ್ತಾ? ತೈಸುಕೆ ಸ್ವಂತ ತಾಯೀನ ನೋಡಿಯಾದ್ರೂ ಕಲೀಬಾರ್ದಾ?"

ಅತ್ತೆ ಎಲ್ಲಿ ಅಂದೆ. ಇನ್ನೊಂದು ಆಟಕ್ಕೂ ಅಲ್ಲೇ ಕೂತಿದ್ದಾರೆ, ಏಳಲಿಲ್ಲ ಅಂದರು.

ಅತ್ತೆ ಬಂದಾಗ ಬಿಸಿಲು ಇಳಿದಿತ್ತು. ಒಳಗಿನ ಕೋಣೆಗೆ ಹೋಗಿ ಮಸಾತೊ ಅವರ ಫೋಟೊದ ಮುಂದೆ ಊದುಬತ್ತಿ ಹಚ್ಚಿದರು. ಘಂಟೆಯ ಸದ್ದು ಒಂದು ಸಲ ಕೇಳಿಸಿತು. ನಾನು ಅಡಿಗೆ ಮಾಡಿದೆ. ಇವರು ಬಂದರು, ಚಳಿಗೆ ಕೆಂಪಾಗಿ, ಟೋಕಿಯೊದ ಪತ್ರಿಕೆಯವರು ಫೋನು ಮಾಡಿದ್ದನ್ನು ಹೇಳುತ್ತಾ ಬಂದರು. ಮೂವರೂ ಉಂಡೆವು. ಹೇಗಿತ್ತಮ್ಮ ಅಂತ ಇವರು ಕೇಳಲೇ ಇಲ್ಲ. ಕೇಳಬೇಕೆಂದು ಎರಡು ಸಲ ಬಾಯಿ ತೆರೆದರು.

ತಟ್ಟೆ ತೆಗೆಯುವಾಗ ಅತ್ತೆ ಎದ್ದು ಮಗ್ಗದ ಕೋಣೆಯಿಂದ ಉದ್ದನೆಯ ಹತ್ತಿ ಪಟ್ಟಿ ತಂದರು. ನೇಯ್ದ ಬಟ್ಟೆ ಸುತ್ತಿಡುವ ಪಟ್ಟಿ. ಇವರ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಕಾಲು ಚಾಚು."

ಇವರು ನಕ್ಕು, ಚಾಚಿದರು. ಅತ್ತೆ ಪ್ಯಾಂಟಿನ ಅಂಚನ್ನು ಮಡಿಸಿ ಹಿಮ್ಮಡಿಯಿಂದ ಸುತ್ತತೊಡಗಿದರು. "ಸಿನಿಮಾದಲ್ಲಿ ಕೆಳಗಿನಿಂದ ಸುತ್ತಿದಾಳೆ, ಅದು ಸರಿ. ಗಂಟು ಮಾತ್ರ ಒಳಗಡೆ ಹಾಕಿದಾಳೆ. ಒಳಗಡೆ ಹಾಕಿದ್ರೆ ನಡೆಯುವಾಗ ಉಜ್ಜಿ ಬಿಚ್ಚಿಕೊಳ್ಳುತ್ತೆ. ಹೊರಗಡೆ ಬರ್ಬೇಕು. ಸುಗಾಕೊ, ಇಲ್ಲಿ ನೋಡು."

ನೋಡಿದೆ.

"ಇದ್ಯಾರ ಕಾಲು ಅಂದ್ಕೊಂಡು ಕಟ್ತಿದೀಯಮ್ಮ?" ಅಂದರು ಇವರು, ಇನ್ನೂ ನಗುತ್ತಲೇ.

"ಮಸಾತೋದು. ಸ್ಟೇಷನ್ನಲ್ಲಿ ಕಟ್ಟೋಕೆ ಬಗ್ಗಿದ್ದೆ. ಆಗಲಿಲ್ಲ."

ಇವರು ನನ್ನ ಕಡೆ ತಿರುಗಿದರು. ಎಷ್ಟೋ ಹೊತ್ತು ನೋಡಿದರು. ನಾನು ತಟ್ಟೆಗಳನ್ನು ಹಿಡಿದು ಅಲ್ಲೇ ನಿಂತಿದ್ದೆ, ಬೇರೆ ಕಡೆ ನೋಡಲಿಲ್ಲ.

ಅತ್ತೆ ಗಂಟನ್ನು ಹೊರಗಡೆಗೆ ತಂದು, ಎಳೆದು, ಬೆರಳಿನಿಂದ ಒತ್ತಿ ನೋಡಿದರು. ಬಿಗಿಯಾಗಿತ್ತು. ಉಳಿದ ಪಟ್ಟಿಯನ್ನು ಮಡಿಲಿನಿಂದ ಎತ್ತಿಕೊಂಡರು. ಅವರು ಕೇಳುವ ಮೊದಲೇ ಇವರು ಇನ್ನೊಂದು ಕಾಲನ್ನೂ ಚಾಚಿದರು.